ಪಾರ್ಸರ್ ಎರರ್‌ನಲ್ಲಿ ಸಾಲು ಸಂಖ್ಯೆ ತಪ್ಪುತ್ತಿದೆ, ಸಾಲಿನ ಕೊನೆಯನ್ನು ಹೇಗೆ ಎಣಿಸುತ್ತೀರಿ?

ಪ್ರಶ್ನೆ: ಕಾನ್ಫಿಗ್ ಫೈಲ್‌ಗಳಿಗೊಂದು ಪಾರ್ಸರ್ (ಪಠ್ಯವನ್ನು ಓದಿ ಬಿಡಿಸುವ ಪ್ರೋಗ್ರಾಂ) ಇದೆ. ಲಿನಕ್ಸ್ ಫೈಲಿಗೆ ಸಾಲು ಸಂಖ್ಯೆ ಸರಿ ಬರುತ್ತದೆ. ವಿಂಡೋಸ್ ಫೈಲಿಗೆ ದುಪ್ಪಟ್ಟಾಗುತ್ತದೆ, ಟರ್ಮಿನಲ್‌ನಲ್ಲಿ ಸಾಲೂ ಕಲಸಿಹೋಗುತ್ತದೆ. ಸಾಲಿನ ಕೊನೆಗೆ ಲಿನಕ್ಸ್ ಎಲ್‌ಎಫ್ ಎಂಬ ಒಂದೇ ಬೈಟ್ ಹಾಕುತ್ತದೆ, ವಿಂಡೋಸ್ ಸಿಆರ್ ಮತ್ತು ಎಲ್‌ಎಫ್ ಜೋಡಿ; ಓದುವಾಗಲೇ ಎಲ್ಲವನ್ನೂ ಎಲ್‌ಎಫ್ ಮಾಡಿಬಿಡಲೇ?

ಉತ್ತರ 1: ದಯವಿಟ್ಟು ಬೇಡ. ಸಾಲಿಗೊಂದು ಬೈಟ್ ಕಳೆದು, 500ನೇ ಸಾಲಿನ ಹೊತ್ತಿಗೆ ನಿಮ್ಮ ಆಫ್‌ಸೆಟ್ (ಫೈಲಿನ ಮೊದಲಿಂದ ಎಷ್ಟು ಬೈಟ್ ದೂರ ಎಂಬ ಲೆಕ್ಕ) ನಿಜವಾದ ಫೈಲಿಗಿಂತ 499 ಬೈಟ್ ಹಿಂದಿರುತ್ತದೆ. ಆ ಆಫ್‌ಸೆಟ್ ನಂಬಿ ಫೈಲ್ ತಿದ್ದುವ ಟೂಲ್ ತಪ್ಪು ಜಾಗ ಕತ್ತರಿಸುತ್ತದೆ.

ಮೂಲ ಬೈಟ್‌ಗಳನ್ನು ಮುಟ್ಟಬೇಡಿ. ಟೋಕನ್‌ನಲ್ಲಿ (ಪಾರ್ಸರ್ ಬಿಡಿಸಿದ ಪದದಂಥ ತುಂಡು) ಬೈಟ್ ಆಫ್‌ಸೆಟ್ ಮಾತ್ರ ಇರಲಿ. ಸಾಲುಗಳು ಶುರುವಾಗುವ ಆಫ್‌ಸೆಟ್‌ಗಳ ಪಟ್ಟಿಯನ್ನು ಬೇರೆಯಾಗಿ ಕಟ್ಟಿ, ಮೊದಲ ನಮೂದು 0. ಬೈಟ್ 10 (ಎಲ್‌ಎಫ್) ಸಿಕ್ಕರೆ ಅದರ ಮುಂದಿನ ಆಫ್‌ಸೆಟ್ ಸೇರಿಸಿ. 13 (ಸಿಆರ್) ಸಿಕ್ಕರೆ ಪಕ್ಕದಲ್ಲೇ 10 ಇದೆಯೇ ನೋಡಿ. ಇದ್ದರೆ ಎರಡನ್ನೂ ದಾಟಿ ಒಂದೇ ನಮೂದು. ನಿಮ್ಮಲ್ಲಿ ಎರಡೆರಡು ಆಗುತ್ತಿರುವುದು ಇಲ್ಲೇ. ಎರರ್ ಬಂದಾಗ ಬೈನರಿ ಸರ್ಚ್ ಮಾಡಿ, ಎರರ್‌ನ ಆಫ್‌ಸೆಟ್ ಮೀರದ ಕೊನೆಯ ನಮೂದೇ ಆ ಸಾಲು. ಫೈಲನ್ನು ತುಂಡುತುಂಡಾಗಿ ಓದುತ್ತಿದ್ದರೆ 13 ಒಂದು ಬಫರ್‌ನ ಕೊನೆಗೂ 10 ಮುಂದಿನದರ ಮೊದಲಿಗೂ ಬೀಳಬಹುದು, ಅದನ್ನು ನೆನಪಿಟ್ಟುಕೊಳ್ಳುವ ಒಂದು ಫ್ಲ್ಯಾಗ್ ಬೇಕು.

ಉತ್ತರ 2: ಸಾಲು ಕಲಸಿಹೋಗಲು ಕಾರಣ ತುದಿಯಲ್ಲಿ ಉಳಿದ ಸಿಆರ್. ಅದು ಟರ್ಮಿನಲ್‌ಗೆ ಹೋದರೆ ಕರ್ಸರ್ ಸಾಲಿನ ಮೊದಲಿಗೆ ಮರಳುತ್ತದೆ, ಆಮೇಲೆ ಬರೆದದ್ದು ಹಳೆಯದರ ಮೇಲೇ ಬೀಳುತ್ತದೆ. ಪ್ರಿಂಟ್ ಮಾಡುವ ಪ್ರತಿಯಲ್ಲಿ ಮಾತ್ರ ಅದನ್ನು ಕತ್ತರಿಸಿ. ತಪ್ಪಿನ ಜಾಗ ತೋರಿಸಲು ಕೆಳಗೆ ಬಾಣದ ಸಾಲು ಪ್ರಿಂಟ್ ಮಾಡುವಾಗ, ಮೂಲ ಸಾಲಿನಲ್ಲಿ ಟ್ಯಾಬ್ ಇದ್ದಲ್ಲಿ ಟ್ಯಾಬನ್ನೇ ಹಾಕಿ, ಸ್ಪೇಸ್ ಅಲ್ಲ. ಸಾಲಿನ ಕೊನೆಯಲ್ಲಿ ಏನೋ ಬಿಟ್ಟುಹೋಗಿದ್ದರೆ ಬಾಣ ಹಿಂದಿನ ಟೋಕನ್ ಮುಗಿದ ಜಾಗಕ್ಕೆ ಬರಲಿ. ಮುಂದಿನ ಸಾಲಿಗೆ ಜಾರಿದರೆ ಓದುವವರು ತಪ್ಪೇ ಇಲ್ಲದ ಸಾಲನ್ನು ದಿಟ್ಟಿಸುತ್ತಾ ಕೂರುತ್ತಾರೆ.

ಉತ್ತರ 3: ಪೈಥಾನ್ ಆದರೆ ಎಚ್ಚರ. ಓಪನ್ ಫಂಕ್ಷನ್ ಟೆಕ್ಸ್ಟ್ ಮೋಡ್‌ನಲ್ಲಿ ಸಾಲಿನ ಕೊನೆಗಳನ್ನು ಸದ್ದಿಲ್ಲದೆ ಎಲ್‌ಎಫ್‌ಗೆ ಬದಲಿಸುತ್ತದೆ. ನ್ಯೂಲೈನ್ ಆರ್ಗ್ಯುಮೆಂಟಿಗೆ ಖಾಲಿ ಸ್ಟ್ರಿಂಗ್ ಕೊಡಿ. ಸ್ಟ್ರಿಂಗನ್ನು ಸಾಲುಗಳಾಗಿ ಒಡೆಯುವ ಸ್ಪ್ಲಿಟ್‌ಲೈನ್ಸ್ ಫಾರ್ಮ್‌ಫೀಡ್‌ನಲ್ಲೂ (ಪುಟ ಬದಲಿಸುವ ಗುರುತು) ಒಡೆಯುತ್ತದೆ, ಹಾಗಾಗಿ ಎಡಿಟರ್‌ನ ಸಂಖ್ಯೆಗೆ ತಾಳೆಯಾಗದು. ಎಡಿಟರ್‌ಗೆ ಎರರನ್ನು ಎಲ್‌ಎಸ್‌ಪಿ (ಎಡಿಟರ್ ಮತ್ತು ಭಾಷಾ ಟೂಲ್ ಮಾತಾಡಿಕೊಳ್ಳುವ ಪ್ರೋಟೊಕಾಲ್) ಮೂಲಕ ಕಳಿಸುವುದಾದರೆ ಸಾಲು 0ಯಿಂದ ಶುರು, ಕಾಲಮ್ ಡಿಫಾಲ್ಟ್ ಆಗಿ ಯುಟಿಎಫ್-16 ಲೆಕ್ಕ. ‘ಕ್ಷ’ ಕಣ್ಣಿಗೆ ಒಂದೇ ಅಕ್ಷರ; ಯುಟಿಎಫ್-8ರಲ್ಲಿ 9 ಬೈಟ್, ಯುಟಿಎಫ್-16ರಲ್ಲಿ 3 ಯೂನಿಟ್.

ಉತ್ತರ 4: ಟೆಸ್ಟ್ ಫೈಲ್‌ಗಳ ಸಾಲಿನ ಕೊನೆಯನ್ನು ಗಿಟ್ (ಕೋಡ್‌ನ ಆವೃತ್ತಿಗಳನ್ನು ಕಾಯ್ದಿಡುವ ಟೂಲ್) ಬದಲಿಸಿಬಿಟ್ಟರೆ ಟೆಸ್ಟ್ ಸುಳ್ಳೇ ಪಾಸಾಗುತ್ತದೆ. ಇನ್‌ಪುಟ್ಟನ್ನು ಕೋಡ್‌ನಲ್ಲೇ ಬೈಟ್‌ಗಳಾಗಿ ಬರೆಯಿರಿ: ಬರೀ ಎಲ್‌ಎಫ್, ಜೋಡಿ, ಒಂಟಿ ಸಿಆರ್, ಮೂರೂ ಬೆರೆತದ್ದು, ಕೊನೆಯ ಸಾಲಿಗೆ ಏನೂ ಇಲ್ಲದ್ದು. ಐದರಲ್ಲೂ ಎರರ್ ಕೊನೆಯ ಸಾಲಿನಲ್ಲೇ ಇರಲಿ, ಎಣಿಕೆಯ ತಪ್ಪು ಅಲ್ಲೇ ದೊಡ್ಡದಾಗಿ ಕಾಣುವುದು.