ಬುಷ್ ಬೋಲ್ಟು ಗಾಡಿ ನೆಲಕ್ಕಿಳಿದ ಮೇಲೇ ಬಿಗಿ ಮಾಡು ಅಳಿಯಾ

ಅಳಿಯಾ, ನಿನ್ನ ಮೆಸೇಜು ಓದಿದೆ, ನೀನು ಹಾಕಿರೋ ಬುಷ್ ಬದಲಾಯಿಸೋ ವಿಡಿಯೋನೂ ಪೂರ್ತಿ ನೋಡಿದೆ. ಟೈಪ್ ಮಾಡ್ತಾ ಕೂತ್ರೆ ಇದು ಮುಗಿಯಲ್ಲ, ಅದಕ್ಕೆ ಬಾಯಲ್ಲೇ ಹೇಳ್ತೀನಿ. ಉದ್ದ ಆಗ್ತೈತೆ, ಆದ್ರೆ ಅರ್ಧಕ್ಕೆ ಬಿಡಬ್ಯಾಡ.

ಗ್ರೂಪಲ್ಲಿ ಉಳಿದೋರಿಗೂ ಗೊತ್ತಾಗ್ಲಿ. ಚಿತ್ರದುರ್ಗದಲ್ಲಿ ಇವನ ಹಳೇ ವ್ಯಾಗನ್ ಆರ್ ಹಂಪು ಇಳಿದಾಗೆಲ್ಲ ಮುಂದೆ ಎಡಗಡೆ ದಡಕ್ ಅಂತೈತೆ, ಬ್ರೇಕ್ ಒತ್ತಿದ್ರೆ ಸ್ಟೇರಿಂಗು ಒಂದು ಕಡೆಗೆ ಎಳೀತೈತೆ. ಗ್ಯಾರೇಜಿನೋರು ಲೋಯರ್ ಆರ್ಮ್ ಬುಷ್ ಹೋಗೈತೆ ಅಂದಿದ್ದಾರೆ. ಲೋಯರ್ ಆರ್ಮ್ ಅಂದ್ರೆ ಚಕ್ರನ ಬಾಡಿಗೆ ಜೋಡಿಸೋ ಕೆಳಗಿನ ಕಬ್ಬಿಣದ ತೋಳು. ಮನೆ ಮುಂದೆ ನಾನೇ ಬದಲಾಯಿಸ್ಲಾ ಮಾವ ಅಂತ ಇವನ ಪ್ರಶ್ನೆ. ಬದಲಾಯಿಸು. ಕಷ್ಟದ ಕೆಲಸ ಏನಲ್ಲ, ತಾಳ್ಮೆ ಕೇಳೋ ಕೆಲಸ. ನಿಮ್ಮಮ್ಮ ಬ್ಯಾಡ ಅಂತ ಅಲ್ಲೇ ಬರೆದೈತೆ, ಅಕ್ಕಾ, ನೀನೂ ಇದನ್ನ ಕೇಳಿಸ್ಕೋ, ಆಮೇಲೆ ಹೇಳು.

ಆ ವಿಡಿಯೋದಲ್ಲಿ ಒಂದು ಜಾಗ ಮಾತ್ರ ನಂಬಬ್ಯಾಡ. ಕೊನೆಗೆ ಆ ಹುಡುಗ ಗಾಡಿ ಇನ್ನೂ ಎತ್ತಿ ಕೂರಿಸಿದ ಜಾಕ್ ಸ್ಟ್ಯಾಂಡ್ ಮೇಲಿದ್ದಾಗ್ಲೇ, ಆರ್ಮು ಕೆಳಗೆ ಜೋತು ಬಿದ್ದಿರೋವಾಗ್ಲೇ, ಬುಷ್ ಬೋಲ್ಟನ್ನ ಮೈಯೆಲ್ಲಾ ಬಲ ಹಾಕಿ ಬಿಗಿ ಮಾಡ್ತಾನೆ. ಅವಸರ ಇದ್ದಾಗ ಗ್ಯಾರೇಜುಗಳಲ್ಲೂ ಹಿಂಗೇ ಮಾಡೋದನ್ನ ನೋಡೀನಿ. ಹೊಸ ಬುಷ್ಷು ಬೇಗ ಹರಿದು ಹೋಗೋದು ಹೆಚ್ಚಾಗಿ ಇದರಿಂದ್ಲೇ. ಆಮೇಲೆ ಡೂಪ್ಲಿಕೇಟ್ ಕೊಟ್ಟ ಅಂತ ಪಾರ್ಟ್ಸ್ ಅಂಗಡಿಯೋನ್ನ ಬೈಯೋದು.

ಯಾಕೆ ಅಂತ ಹೇಳ್ತೀನಿ, ಇದೊಂದು ತಲೆಗೆ ಹೋದ್ರೆ ಉಳಿದಿದ್ದು ಸಲೀಸು. ಬುಷ್ ಅಂದ್ರೆ ಬೇರಿಂಗ್ ಅಲ್ಲ. ಹೊರಗೊಂದು ಕಬ್ಬಿಣದ ಬಳೆ, ಒಳಗೊಂದು ಕಬ್ಬಿಣದ ಕೊಳವೆ, ನಡುವೆ ರಬ್ಬರು. ಹೊರಗಿನ ಬಳೆ ಆರ್ಮಿನ ತೂತಲ್ಲಿ ಪ್ರೆಸ್ ಆಗಿ ಕೂತಿರ್ತೈತೆ. ಒಳಗಿನ ಕೊಳವೆನ ಬೋಲ್ಟು ಬಾಡಿ ಕಡೆ ಬ್ರಾಕೆಟ್ಟಿನ ಎರಡು ಕಿವಿಗಳ ನಡುವೆ ಅದುಮಿ ಹಿಡಿದಿರ್ತೈತೆ. ಬೋಲ್ಟು ಬಿಗಿ ಆಯ್ತು ಅಂದ್ರೆ ಆ ಕೊಳವೆ ಆ ಕಡೆ ಈ ಕಡೆ ತಿರುಗಂಗೇ ಇಲ್ಲ. ಹಂಗಾದ್ರೆ ಚಕ್ರ ಮೇಲೆ ಕೆಳಗೆ ಆಗೋದು ಹೆಂಗೆ? ರಬ್ಬರು ತಿರುಚಿಕೊಂಡು, ಮತ್ತೆ ತನ್ನ ಜಾಗಕ್ಕೆ ಬರ್ತೈತೆ. ಒಳಗೆ ಯಾವುದೂ ಉಜ್ಜಲ್ಲ, ಯಾವುದೂ ಜಾರಲ್ಲ. ಅದರ ಕೆಲಸಾನೇ ತಿರುಚೋದು.

ಈಗ ಯೋಚನೆ ಮಾಡು. ಆರ್ಮು ಜೋತು ಬಿದ್ದಾಗ ಬೋಲ್ಟು ಬಿಗಿ ಮಾಡಿದ್ರೆ, ರಬ್ಬರು ಅದೇ ತನ್ನ ಜಾಗ ಅಂದ್ಕೊಳ್ತೈತೆ. ಗಾಡಿ ಇಳಿಸಿದ ಕೂಡ್ಲೇ ಭಾರಕ್ಕೆ ಆರ್ಮು ಮೇಲಕ್ಕೆ ಏಳ್ತೈತೆ. ಅಂದ್ರೆ ಮನೆ ಮುಂದೆ ಸುಮ್ಮನೆ ನಿಂತಿದ್ರೂ ರಬ್ಬರು ತಿರುಚಿಕೊಂಡೇ ಇರ್ತೈತೆ, ಒದ್ದೆ ಪಂಚೆ ಹಿಂಡಿ ಹಂಗೇ ಗಂಟು ಹಾಕಿಟ್ಟಂಗೆ. ಅದರ ಮೇಲೆ ಹಂಪು ಬಂದ್ರೆ ಇನ್ನಷ್ಟು ತಿರುಚು. ಹರೀದೆ ಇನ್ನೇನು ಮಾಡೀತು? ಅದೇ ಬೋಲ್ಟನ್ನ ಗಾಡಿಯ ಭಾರ ಚಕ್ರದ ಮೇಲಿದ್ದಾಗ ಬಿಗಿ ಮಾಡಿದ್ರೆ, ನಿಂತಾಗ ರಬ್ಬರಿಗೆ ಆರಾಮು, ಓಡುವಾಗ ಮೇಲಕ್ಕೆ ಸ್ವಲ್ಪ, ಕೆಳಕ್ಕೆ ಸ್ವಲ್ಪ, ಅಷ್ಟೇ.

ಗಾಡಿ ಇಳಿಸಿದ ಮೇಲೆ ಕೆಳಗೆ ಕೈ ಹೋಗಲ್ವಲ್ಲ ಮಾವ ಅಂತೀಯ. ಅದಕ್ಕೆ ಒಂದು ಉಪಾಯ ಐತೆ. ಜಾಕಿ ಹಚ್ಚೋಕೆ ಮೊದಲೇ, ಗಾಡಿ ಸಮ ನೆಲದ ಮೇಲೆ ನಿಂತಿರೋವಾಗ, ಚಕ್ರದ ನಟ್ಟನಡುವಿಂದ ಮೇಲೆ ಫೆಂಡರ್, ಅಂದ್ರೆ ಮಡ್‌ಗಾರ್ಡು, ಅದರ ಅಂಚಿನ ತನಕ ಟೇಪ್ ಹಿಡಿದು ಅಳತೆ ತಗೋ. ಎಡಗಡೆದು, ಬಲಗಡೆದು, ಎರಡನ್ನೂ ಗೋಡೆ ಮೇಲೆ ಚಾಕ್‌ಪೀಸಲ್ಲಿ ಬರಿ. ಕೆಲಸ ಮುಗಿಯೋವಾಗ, ಗಾಡಿ ಸ್ಟ್ಯಾಂಡ್ ಮೇಲಿದ್ದಂಗೇ, ಆರ್ಮಿನ ತುದಿಗೆ, ಅದು ಚಕ್ರದ ಕಡೆಗೆ ಸೇರೋ ಗುಂಡು ಕೀಲು, ಅಂದ್ರೆ ಬಾಲ್ ಜಾಯಿಂಟಿನ ಹತ್ರ, ಜಾಕಿ ಕೊಟ್ಟು ನಿಧಾನ ಎತ್ತು. ಜಾಕಿ ತಲೆಗೆ ಕಟ್ಟಿಗೆ ತುಂಡು ಇರ್ಲಿ, ಬಾಲ್ ಜಾಯಿಂಟಿನ ರಬ್ಬರ್ ಟೋಪಿಗೆ ತಾಗಬಾರ್ದು. ಚಕ್ರ ಕೂರೋ ಹಬ್ ಐತಲ್ಲ, ಆ ಹಬ್ಬಿನ ನಡುವಿಂದ ಫೆಂಡರ್ ತನಕ ಗೋಡೆ ಮೇಲಿನ ಅಳತೆ ಬಂತಾ, ಅಲ್ಲಿ ನಿಲ್ಲಿಸಿ ಬೋಲ್ಟು ಬಿಗಿ ಮಾಡು. ಎತ್ತುವಾಗ ಗಾಡಿ ಸ್ಟ್ಯಾಂಡ್ ಬಿಟ್ಟು ಏಳೋ ತರ ಕಂಡ್ರೆ ತಕ್ಷಣ ನಿಲ್ಲಿಸು. ಇಲ್ಲಾಂದ್ರೆ ಎರಡೂ ಮುಂದಿನ ಚಕ್ರನ ರ‍್ಯಾಂಪಿಗೆ ಹತ್ತಿಸಿ ಕೆಳಗೆ ಮಲಗಿ ಬಿಗಿ ಮಾಡಬಹುದು. ಟಾರ್ಕ್, ಅಂದ್ರೆ ಬೋಲ್ಟನ್ನ ತಿರುಗಿಸಿ ಬಿಗಿ ಮಾಡೋ ಬಲ, ಎಷ್ಟು ಅಂತ ನಿನ್ನ ಗಾಡಿಯ ಸರ್ವಿಸ್ ಮ್ಯಾನುಯಲಲ್ಲೇ ನೋಡಬೇಕು, ಬಾಯಿ ಮಾತಿನ ಲೆಕ್ಕ ಬ್ಯಾಡ. ಅದನ್ನ ಅಳೆಯೋ ಟಾರ್ಕ್ ರೆಂಚ್ ನನ್ನ ಹತ್ರ ಐತೆ, ತಗೊಂಡು ಹೋಗು.

ಇನ್ನು ದೊಡ್ಡಪ್ಪಾರು ಹೇಳಿದ್ದು. ಅಣ್ಣಾರೇ, ಬೇಜಾರ್ ಮಾಡ್ಕೋಬ್ಯಾಡ್ರಿ. ಗ್ರೀಸ್ ಹಚ್ಚು, ಸದ್ದು ಹೋಗ್ತೈತೆ ಅಂದ್ರಲ್ಲ, ನೀವು ಓಡಿಸಿದ ಅಂಬಾಸಿಡರಿಗೆ ಅದು ಸರಿನೇ. ಅದಕ್ಕೆ ಮುಂದೆ ಗ್ರೀಸ್ ನಿಪ್ಪಲ್ ಇರ್ತಿತ್ತು, ಗನ್ ಹಿಡಿದು ಗ್ರೀಸ್ ಹೊಡೀಲೇಬೇಕಿತ್ತು, ಯಾಕಂದ್ರೆ ಅಲ್ಲಿ ಕಬ್ಬಿಣಕ್ಕೆ ಕಬ್ಬಿಣ ಉಜ್ಜೋದು. ಈ ಗಾಡಿಯ ಬುಷ್ಷಲ್ಲಿ ಉಜ್ಜೋ ಜಾಗಾನೇ ಇಲ್ಲ. ಸಾದಾ ಗ್ರೀಸು, ಎಂಜಿನ್ ಆಯಿಲ್ಲು, ಡೀಸೆಲ್ಲು, ಇವು ರಬ್ಬರಿಗೆ ತಾಗಿದ್ರೆ ರಬ್ಬರು ಉಬ್ಬಿ ಮೆತ್ತಗಾಗ್ತೈತೆ. ಎರಡು ದಿನ ಸದ್ದು ಅಡಗಿದಂಗೆ ಅನ್ನಿಸಬಹುದು, ಆಮೇಲೆ ಇನ್ನೂ ಬೇಗ ಹೋಗ್ತೈತೆ. ಹೊಸ ಬುಷ್ ಒಳಗೆ ಹೋಗೋಕೆ ಜಾರಬೇಕು ಅಂದ್ರೆ ಸೋಪಿನ ನೀರು ಸಾಕು.

ಬಿಚ್ಚೋಕೆ ಮೊದಲು ನಿಜವಾಗ್ಲೂ ಬುಷ್ಷೇನಾ ಅಂತ ನೀನೇ ನೋಡ್ಕೋ. ಆ ದಡಕ್ ಸದ್ದು ಲಿಂಕ್ ರಾಡಿಂದ ಬರಬಹುದು, ಶಾಕಬ್ಸರ್ ಮೇಲಿನ ಮೌಂಟಿಂದ ಬರಬಹುದು, ಬಾಲ್ ಜಾಯಿಂಟಿಂದಾನೂ ಬರಬಹುದು. ಚಕ್ರ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸು. ಲೊಡಲೊಡ ಅಂದ್ರೆ ಬಾಲ್ ಜಾಯಿಂಟೋ ಬೇರಿಂಗೋ ಹೋಗಿರ್ತೈತೆ. ಅಕ್ಕಪಕ್ಕ ಹಿಡಿದು ಅಲ್ಲಾಡಿಸಿದಾಗ ಆಟ ಇದ್ರೆ ಸ್ಟೇರಿಂಗಿಂದ ಚಕ್ರಕ್ಕೆ ಬರೋ ಟೈ ರಾಡ್ ಕಡೆ ನೋಡು. ಬುಷ್ಷಿಗೆ ಟಾರ್ಚ್ ಬಿಟ್ಟು ನೋಡು: ರಬ್ಬರು ಸೀಳಿದ್ಯಾ, ಕಬ್ಬಿಣ ಬಿಟ್ಟು ಎದ್ದಿದ್ಯಾ, ಒಳಗಿನ ಕೊಳವೆ ಒಂದು ಕಡೆಗೆ ಕುಸಿದಿದ್ಯಾ. ಆಮೇಲೆ ಒಂದು ಉದ್ದ ರಾಡ್ ಹಾಕಿ ಆರ್ಮನ್ನ ಮೀಟು. ಸ್ವಲ್ಪ ಮಿಸುಕೋದು ಸಹಜ, ರಬ್ಬರಲ್ವಾ. ಸಡಿಲಾಗಿ ಆ ಕಡೆ ಈ ಕಡೆ ಹೊಡೆದಾಡಿದ್ರೆ ಅದು ಹೋಗೈತೆ. ಮೇಲ್ಮೈಲಿ ಮಾತ್ರ ಕಾಣೋ ಸಣ್ಣ ಬಿರುಕಿಗೆಲ್ಲ ಹೆದರಬ್ಯಾಡ, ಬೇಸಿಗೆ ನಮ್ಮ ಕಡೆ 40 ಡಿಗ್ರಿ ಹತ್ರ ಹೋಗ್ತೈತೆ, ಹಳೇ ರಬ್ಬರಿಗೆ ಮೈಮೇಲೆ ಬಿರುಕು ಬರದೇ ಇರಲ್ಲ.

ಎಳಿಯೋದರ ಬಗ್ಗೆ ಇನ್ನೊಂದು. ನೀನು ದುರ್ಗದಿಂದ ದಾವಣಗೆರೆಗೆ ಹೈವೇಲಿ ಬರ್ತೀಯ. ಆ ಗಾಳಿ ಗಿರಣಿ ಗುಡ್ಡಗಳ ಕಡೆ ಗಾಳಿ ಅಡ್ಡ ಬೀಸಿದ್ರೆ ವ್ಯಾಗನ್ ಆರಿನಂಥ ಎತ್ತರದ ಗಾಡಿ ತಾನಾಗೇ ಸರೀತೈತೆ, ಅದನ್ನ ಬುಷ್ ಲೆಕ್ಕಕ್ಕೆ ಹಾಕಬ್ಯಾಡ. ಗಾಳಿ ಇಲ್ಲದ ಹೊತ್ತಲ್ಲಿ, ಖಾಲಿ ರಸ್ತೆಲಿ, ಬ್ರೇಕ್ ಒತ್ತಿದಾಗ ಎಳೀತೈತಾ ನೋಡು. ಬ್ರೇಕ್ ಒತ್ತಿದಾಗ ಮಾತ್ರ ಎಳೆದ್ರೆ ಬುಷ್ಷೂ ಇರಬಹುದು, ಬ್ರೇಕ್ ಪ್ಯಾಡ್ ಒತ್ತೋ ಕ್ಯಾಲಿಪರ್ ಒಂದು ಕಡೆ ಸಿಕ್ಕಿಹಾಕ್ಕೊಂಡೂ ಇರಬಹುದು. ಆದ್ರೆ ಹಂಪಲ್ಲಿ ದಡಕ್ ಅನ್ನೋದೂ ಜೊತೆಗಿದ್ರೆ ಅನುಮಾನ ಬುಷ್ಷಿನ ಮೇಲೇ.

ಈಗ, ಗಾಡಿ ಮೈಮೇಲೆ ಬಿದ್ರೆ ಅಂತ ಅಕ್ಕ ಹೆದರಿರೋ ವಿಷಯಕ್ಕೆ ಬರ್ತೀನಿ. ಅಕ್ಕಾ, ನೀನು ಹೆದರಿದ್ದು ಸರಿ ಐತೆ. ಅಳಿಯಾ, ಜಾಕಿ ಗಾಡಿ ಎತ್ತೋಕೆ ಮಾತ್ರ, ಹಿಡಿದು ನಿಲ್ಲೋಕೆ ಅಲ್ಲ. ಜಾಕಿ ಮೇಲಿರೋ ಗಾಡಿ ಕೆಳಗೆ ಕೈ ಕೂಡ ಹಾಕಬಾರ್ದು. ಎರಡು ಜಾಕ್ ಸ್ಟ್ಯಾಂಡ್ ಬೇಕೇ ಬೇಕು, ಕೊಂಡ್ಕೋ, ಇಲ್ಲ ನನ್ನ ಹತ್ರ ಇಸ್ಕೋ. ದುರ್ಗದಲ್ಲಿ ಕಲ್ಲಿಗೆ ಬರ ಇಲ್ಲ, ಸೈಜುಗಲ್ಲು ಪೇರಿಸಿ ಅದರ ಮೇಲೆ ಗಾಡಿ ಕೂರಿಸೋರನ್ನ ನಾನೇ ನೋಡೀನಿ. ಕಲ್ಲಿನ ಮೇಲೆ ಕಬ್ಬಿಣ ಜಾರ್ತೈತೆ. ಇಟ್ಟಿಗೆ, ಸಿಮೆಂಟ್ ಬ್ಲಾಕು ಭಾರಕ್ಕೆ ಒಂದೇ ಸಲಕ್ಕೆ ಪುಡಿಯಾಗ್ತಾವೆ, ಮುಂಚೆ ಏನೂ ಸುಳಿವು ಕೊಡಲ್ಲ. ನಿಮ್ಮ ಮನೆ ಮುಂದಿನ ರಸ್ತೆ ಇಳಿಜಾರು, ಅಲ್ಲಿ ಮಾಡಲೇಬ್ಯಾಡ. ಸಮ ಇರೋ ಕಾಂಕ್ರೀಟ್ ಜಾಗ ಹುಡುಕು. ಹ್ಯಾಂಡ್ ಬ್ರೇಕು, ಫಸ್ಟ್ ಗೇರು, ಹಿಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಕಟ್ಟಿಗೆ. ಚಕ್ರದ ನಟ್ಟು ಗಾಡಿ ನೆಲದ ಮೇಲಿದ್ದಾಗ್ಲೇ ಸಡಿಲ ಮಾಡ್ಕೋ. ಸ್ಟ್ಯಾಂಡ್ ಮೇಲೆ ಕೂರಿಸಿದ ಮೇಲೆ ಪಕ್ಕದಲ್ಲಿ ನಿಂತು ಗಾಡಿನ ಜೋರಾಗಿ ಅಲ್ಲಾಡಿಸು, ಬೀಳೋದಿದ್ರೆ ನೀನು ಹೊರಗಿದ್ದಾಗ್ಲೇ ಬೀಳ್ಲಿ. ಬಿಚ್ಚಿದ ಚಕ್ರನ ಗಾಡಿ ಬಾಗಿಲ ಕೆಳಗೆ ಅಡ್ಡ ಮಲಗಿಸಿಡು. ಮನೇಲಿ ಯಾರಾದ್ರೂ ಒಬ್ರು ಹತ್ರ ಇರ್ಲಿ. ಇದರಲ್ಲಿ ಒಂದು ಕಡಿಮೆ ಆದ್ರೂ ಕೆಲಸ ಶುರು ಮಾಡಬ್ಯಾಡ, ನನ್ನಾಣೆ.

ಬಿಚ್ಚೋ ಕೆಲಸ ಬೇಗ ಹೇಳ್ತೀನಿ. ಹಿಂದಿನ ದಿನ ಸಂಜೆನೇ ಬೋಲ್ಟುಗಳಿಗೆ ತುಕ್ಕು ಬಿಡಿಸೋ ಸ್ಪ್ರೇ ಹೊಡೆದಿಡು. ಬಾಲ್ ಜಾಯಿಂಟ್ ಹಿಡಿದಿರೋ ಅಡ್ಡ ಬೋಲ್ಟನ್ನ ಸಡಿಲ ಮಾಡಿದ್ರೆ ಸಾಲಲ್ಲ, ಪೂರ್ತಿ ಹೊರಗೆ ತೆಗೀಬೇಕು, ಅದು ಬಾಲ್ ಜಾಯಿಂಟಿನ ಕಡ್ಡಿಯಲ್ಲಿರೋ ಕಚ್ಚಿನೊಳಗೆ ಕೂತಿರ್ತೈತೆ. ಆಮೇಲೆ ಆರ್ಮನ್ನ ರಾಡಿಂದ ಕೆಳಗೆ ಮೀಟಿದ್ರೆ ಬಿಡ್ತೈತೆ. ಸುತ್ತಿಗೆ ಏಟು ರಬ್ಬರ್ ಟೋಪಿಗೆ ಬೀಳಬಾರ್ದು. ಆರ್ಮು ಬಿಟ್ಟ ಮೇಲೆ ಹಬ್ಬನ್ನ ಹೊರಗೆ ಎಳೆದಾಡಬ್ಯಾಡ, ಚಕ್ರ ತಿರುಗಿಸೋ ಡ್ರೈವ್ ಶಾಫ್ಟಿನ ಒಳಗಿನ ಜಾಯಿಂಟು ಬಿಚ್ಕೊಳ್ತೈತೆ. ಬ್ರೇಕ್ ಪೈಪಿನ ಮೇಲೂ ಭಾರ ಬೀಳಬಾರ್ದು.

ಬಿಚ್ಚಿದ ಆರ್ಮಿಂದ ಹಳೇ ಬುಷ್ ತೆಗೆದು ಹೊಸದು ಹೊಡೆಯೋ ಕೆಲಸ ಮಾತ್ರ ನೀನು ಮಾಡಬ್ಯಾಡ. ಇದು ನನ್ನ ಅಭಿಪ್ರಾಯ. ವೈಸಲ್ಲಿ ಸಾಕೆಟ್ ಇಟ್ಟು ಒತ್ತಬಹುದು, ಉದ್ದ ಬೋಲ್ಟಿಗೆ ವಾಷರ್ ಹಾಕಿ ಎಳೀಬಹುದು, ಆದ್ರೆ ಓರೆಯಾಗಿ ಹೋದ್ರೆ ಆರ್ಮಿನ ತೂತೇ ಹಾಳು. ವಿಡಿಯೋದಲ್ಲಿ ತೋರಿಸಿದಂಗೆ ಬೆಂಕಿ ಹಚ್ಚಿ ರಬ್ಬರ್ ಸುಡೋದಂತೂ ಬ್ಯಾಡವೇ ಬ್ಯಾಡ, ಆ ಹೊಗೆ ಎದೆಗೆ ಕೆಟ್ಟದ್ದು. ಆರ್ಮನ್ನ ಚೀಲದಲ್ಲಿ ಹಾಕ್ಕೊಂಡು ಹೈಡ್ರಾಲಿಕ್ ಪ್ರೆಸ್ ಇರೋ ಲೇತ್ ಅಂಗಡಿಗೆ ಹೋಗು, ಸ್ವಲ್ಪ ಹೊತ್ತಿನ ಕೆಲಸ. ಅಲ್ಲೂ ನೀನು ಪಕ್ಕದಲ್ಲೇ ನಿಂತ್ಕೋ. ಹಳೇ ಬುಷ್ ತೆಗೆಯೋಕೆ ಮೊದಲು ಅದು ಯಾವ ದಿಕ್ಕಿಗೆ ಕೂತೈತೆ ಅಂತ ಆರ್ಮಿನ ಮೇಲೆ ಬಣ್ಣದ ಗುರುತು ಹಾಕು, ಫೋಟೋನೂ ತೆಗಿ. ಕೆಲವು ಬುಷ್ಷಿನ ರಬ್ಬರಲ್ಲಿ ಬೇಕಂತ್ಲೇ ಖಾಲಿ ಜಾಗ ಬಿಟ್ಟಿರ್ತಾರೆ, ಒಂದು ದಿಕ್ಕಿಗೆ ಮೆತ್ತಗೆ, ಇನ್ನೊಂದು ದಿಕ್ಕಿಗೆ ಗಟ್ಟಿ ಇರ್ಲಿ ಅಂತ. ಅದನ್ನ ತಿರುಗಿಸಿ ಕೂರಿಸಿದ್ರೆ ಹೊಸದಾದ್ರೂ ಗಾಡಿ ಸರಿ ಹೋಗಲ್ಲ. ಮತ್ತೆ ಒತ್ತೋವಾಗ ಹೊರಗಿನ ಬಳೆ ಮೇಲೇ ಒತ್ತಬೇಕು, ರಬ್ಬರ್ ಮೇಲಾಗ್ಲಿ ಒಳಗಿನ ಕೊಳವೆ ಮೇಲಾಗ್ಲಿ ಒತ್ತಬಾರ್ದು.

ಬಾಲ್ ಜಾಯಿಂಟಲ್ಲೂ ಆಟ ಇದ್ರೆ ಬುಷ್ ಸಹವಾಸ ಬ್ಯಾಡ, ಬುಷ್ಷು, ಬಾಲ್ ಜಾಯಿಂಟು ಎರಡೂ ಇರೋ ಪೂರ್ತಿ ಆರ್ಮೇ ತಗೋ. ದುಡ್ಡು ಜಾಸ್ತಿ, ಆದ್ರೆ ಪ್ರೆಸ್ಸಿನ ಕೆಲಸ ಉಳೀತೈತೆ. ಬರೀ ಎಡಗಡೆ ಸದ್ದು ಅಂತ ಎಡಗಡೆ ಒಂದೇ ಬದಲಾಯಿಸಬ್ಯಾಡ. ಎರಡೂ ಕಡೆ ಅಷ್ಟೇ ವರ್ಷ, ಅಷ್ಟೇ ರಸ್ತೆ ಕಂಡಾವೆ. ಒಂದು ಕಡೆ ಗಟ್ಟಿ, ಒಂದು ಕಡೆ ಮೆತ್ತಗೆ ಆದ್ರೆ ಎಳೆಯೋದು ನಿಲ್ಲಲ್ಲ. ಪಾಲಿಯೂರೆಥೇನ್ ಬುಷ್ ಹಾಕ್ಲಾ ಅಂದಿದ್ದೆ. ಅದು ಗಟ್ಟಿ, ಬಾಳಿಕೆ ಐತೆ, ಆದ್ರೆ ರಸ್ತೆ ಅದುರಾಟ ಎಲ್ಲಾ ಸೀಟಿಗೆ ಬರ್ತೈತೆ. ಅಮ್ಮನ್ನ ಕೂರಿಸ್ಕೊಂಡು ಓಡಾಡೋ ಗಾಡಿಗೆ ರಬ್ಬರೇ ಇರ್ಲಿ. ಮರೆಯಬ್ಯಾಡ, ಲಾಕ್ ನಟ್ಟುಗಳನ್ನ ಹೊಸದು ತಗೋ.

ಎಲ್ಲಾ ಮುಗಿದ ಮೇಲೆ ಅಲೈನ್‌ಮೆಂಟ್ ಮಾಡಿಸ್ಲೇಬೇಕು. ಆರ್ಮು ಕೂದಲೆಳೆಯಷ್ಟು ಜರುಗಿದ್ರೂ ಚಕ್ರ ನಿಲ್ಲೋ ದಿಕ್ಕು ಬದಲಾಗ್ತೈತೆ, ಆಮೇಲೆ ಟೈರು ಒಂದಂಚಲ್ಲಿ ಸವೀತೈತೆ. ಅಲೈನ್‌ಮೆಂಟ್ ಅಂಗಡಿ ತನಕ ನಿಧಾನ ಓಡಿಸು, ಹೈವೇ ಬ್ಯಾಡ. ಒಂದು ವಾರ ಓಡಿಸಿ ಬೋಲ್ಟುಗಳನ್ನ ಮತ್ತೊಂದು ಸಲ ಟಾರ್ಕ್ ರೆಂಚಿಂದ ನೋಡ್ಕೋ.

ಪಾರ್ಟ್ಸ್ ತಗೊಳ್ಳೋಕೆ ನೀನು ಹೆಂಗೂ ಶನಿವಾರ ದಾವಣಗೆರೆಗೆ ಬರ್ತೀನಿ ಅಂದಿದೀಯ. ಆರ್.ಸಿ. ಜೊತೆಗಿರ್ಲಿ, ಯಾವ ವರ್ಷದ ಗಾಡಿ ಅಂತ ಅಂಗಡಿಯೋರು ಕೇಳ್ತಾರೆ. ಬಸ್ಸಲ್ಲೇ ಬಾ, ಬ್ರೇಕ್ ಒತ್ತಿದ್ರೆ ಎಳೆಯೋ ಗಾಡಿನ ಹೈವೇಗೆ ಇಳಿಸಬ್ಯಾಡ. ಪಿ.ಬಿ. ರೋಡಿಗೆ ನಾನೂ ಜೊತೆಗೆ ಬರ್ತೀನಿ, ಸ್ಟ್ಯಾಂಡು, ಟಾರ್ಕ್ ರೆಂಚು ಎರಡನ್ನೂ ಇಟ್ಟಿರ್ತೀನಿ. ಅಷ್ಟರೊಳಗೆ ಎರಡೂ ಕಡೆ ಬುಷ್ಷಿಗೆ ಟಾರ್ಚ್ ಬಿಟ್ಟು ಹತ್ರದಿಂದ ಫೋಟೋ ತೆಗೆದು ಗ್ರೂಪಿಗೆ ಹಾಕು. ಸ್ಟೇರಿಂಗನ್ನ ಪೂರ್ತಿ ತಿರುಗಿಸಿದ್ರೆ ಚಕ್ರದ ಸಂದಿಯಿಂದ್ಲೇ ಫೋನು ಹಿಡೀಬಹುದು, ಅದಕ್ಕೆ ಜಾಕಿ ಹಚ್ಚಬ್ಯಾಡ.