ಕಾಲೇಜಿನ ಹಿಂದಿನ ಕಾಲೊನಿಯ ಹುಡುಗರಿಗೆ ಕೆಲಸ ಕೊಡಿಸಬೇಕು, ಅನುಭವ ಇದ್ದವರು ಹೇಳಿ

ಬಿಕಾಂ ಎರಡನೇ ವರ್ಷ, ಬೆಂಗಳೂರು: ನಾವು ಐದಾರು ಜನ ಸ್ನೇಹಿತರಿದ್ದೇವೆ. ನಮ್ಮ ಕಾಲೇಜಿನ ಹಿಂದಿನ ಕಾಲೊನಿಯಲ್ಲಿ 18ರಿಂದ 24 ವಯಸ್ಸಿನ ಹುಡುಗ, ಹುಡುಗಿಯರು ಬಹಳ ಜನ ಖಾಲಿ ಕೂತಿದ್ದಾರೆ. ಹೆಚ್ಚಿನವರ ಓದು ಎಸ್‌ಎಸ್‌ಎಲ್‌ಸಿ, ಪಿಯುಸಿಗೆ ನಿಂತಿದೆ. ನಮಗೆ ಪುರುಸೊತ್ತು ಶನಿವಾರ ಮಧ್ಯಾಹ್ನ ಮಾತ್ರ. ಕೈಯಲ್ಲಿರೋದು 8,000 ರೂಪಾಯಿ. ಮೊದಲು ತರಬೇತಿಗೆ ಸೇರಿಸಬೇಕಾ, ನೇರ ಕೆಲಸಕ್ಕಾ?

ಪೀಣ್ಯದವನು: ಎರಡೂ ಆಮೇಲೆ. ಮೊದಲ ಸಂಬಳ ಬರೋವರೆಗೆ ಆ ಹುಡುಗ ಏನು ತಿಂತಾನೆ, ಅದನ್ನು ಯೋಚನೆ ಮಾಡಿ. ನಾವು ಎಂಜಿನಿಯರಿಂಗ್ ಓದುವಾಗ ಒಬ್ಬನನ್ನು ಪೀಣ್ಯದ ಒಂದು ಮೆಷಿನ್ ಶಾಪ್‌ಗೆ ಹೆಲ್ಪರ್ ಆಗಿ ಸೇರಿಸಿದ್ದೆವು. ಸಂಬಳ 13,500. ಅದು ಕೈಗೆ ಬರೋದು ಮುಂದಿನ ತಿಂಗಳು ಹತ್ತನೇ ತಾರೀಖಿಗೆ. ಅಲ್ಲಿಯವರೆಗೆ? ಅವನು ಮೊದಲು ಗಾರೆ ಕೆಲಸಕ್ಕೆ ಹೋಗುತ್ತಿದ್ದ, ಸಂಜೆಗೆ 700 ಕೈಯಲ್ಲಿ. ಇಲ್ಲಿ ಸೇರುವ ಮುಂಚೆಯೇ ಮೆಡಿಕಲ್ ಸರ್ಟಿಫಿಕೇಟ್‌ಗೆ 300, ಫೋಟೊ ಜೆರಾಕ್ಸ್‌ಗೆ 140, ಸೇಫ್ಟಿ ಶೂ 850. ಮಧ್ಯಾಹ್ನ ಅನ್ನ ಸಾಂಬಾರಿಗೆ 60. ಬಸ್ಸು ಬೇರೆ. ಮನೆಯಲ್ಲಿ ಸಂಘದ ಕಂತು ವಾರಕ್ಕೆ 620. ಮೂರನೇ ವಾರ ನಾಪತ್ತೆ! ಸೂಪರ್‌ವೈಸರ್ ‘ನಿಮ್ಮ ಹುಡುಗ ಸೋಮಾರಿ’ ಅಂದ. ಸೋಮಾರಿ ಅಲ್ಲ ಸ್ವಾಮಿ, ಮತ್ತೆ ಗಾರೆಗೆ ಹೋಗಿದ್ದ.

ಅಲ್ಲಿಂದ ಮುಂದೆ ಸೇರುವವರಿಗೆಲ್ಲ 3,000 ಕೈಗಡ ಕೊಟ್ಟೆವು. ಎರಡು ಸಂಬಳದಲ್ಲಿ ಅರ್ಧರ್ಧ ವಾಪಸ್. ಕೊಟ್ಟವರೇ ಜಾಸ್ತಿ. ನಿಮ್ಮ 8,000ವನ್ನು ಬ್ಯಾನರ್, ಟೀ ಶರ್ಟ್ ಅಂತ ಕಳೀಬೇಡಿ.

ಫಿಟ್ಟರ್ ಧಾರವಾಡ: ತರಬೇತಿ ಆಮೇಲೆ ಅಂದರೆ ಹೆಲ್ಪರ್ ಆಗಿಯೇ ಸಾಯಲಿ ಅಂತಾನಾ? ನಾನು ಐಟಿಐ ಫಿಟ್ಟರ್. ಎರಡು ವರ್ಷ ಓದಿದೆ, ನಮ್ಮಪ್ಪ ಹಮಾಲಿ. ಆಮೇಲೆ ಅಪ್ರೆಂಟಿಸ್, ತಿಂಗಳಿಗೆ 8,050 ಸ್ಟೈಪೆಂಡ್. ಪಿಎಫ್ ಇಲ್ಲ, ಇಎಸ್‌ಐ (ಕಾರ್ಮಿಕರ ಆಸ್ಪತ್ರೆ ವಿಮೆ) ಇಲ್ಲ. ಯಾಕೆಂದರೆ ಕಾನೂನಿನಲ್ಲಿ ಅಪ್ರೆಂಟಿಸ್ ಅಂದರೆ ಕಾರ್ಮಿಕನೇ ಅಲ್ಲ. ರೂಮ್ ಬಾಡಿಗೆ ನನ್ನ ಪಾಲು 1,800, ಮೆಸ್ 2,700. ಉಳಿದದ್ದರಲ್ಲಿ ಮನೆಗೆ ಕಳಿಸೋದು. ಮಾನ ಬಿಟ್ಟು ಭಾವನ ಹತ್ತಿರ ಸಾಲ ಕೇಳಿದ್ದೇನೆ. ಆದರೂ ಬಿಡಲಿಲ್ಲ. ಇವತ್ತು ಡ್ರಾಯಿಂಗ್ ಓದುತ್ತೇನೆ, ವರ್ನಿಯರ್‌ನಲ್ಲಿ 0.02 ಮಿಲಿಮೀಟರ್ ನೋಡಿ ಪೀಸ್ ರಿಜೆಕ್ಟ್ ಮಾಡುತ್ತೇನೆ. ನೇರ ಸೇರಿದ ನನ್ನ ಜತೆಯವನು ಇನ್ನೂ ಲೇತ್ ಕೆಳಗಿನ ಕಬ್ಬಿಣದ ಚೂರು ಗುಡಿಸುತ್ತಾನೆ. ಎಸ್‌ಎಸ್‌ಎಲ್‌ಸಿ ಫೇಲ್ ಆದವರಿಗೂ ದಾರಿ ಇದೆ. ವೆಲ್ಡರ್ ಟ್ರೇಡ್‌ಗೆ ಎಂಟನೇ ಕ್ಲಾಸ್ ಸಾಕು. ಇದನ್ನು ಯಾರೂ ಹೇಳಲ್ಲ.

ಪೀಣ್ಯದವನು: ಅಣ್ಣ, ನಿಮಗೆ ಸಾಲ ಕೊಡೋಕೆ ಭಾವ ಇದ್ದರು. ಎಲ್ಲರಿಗೂ ಇರಲ್ಲ.

ಫಿಟ್ಟರ್ ಧಾರವಾಡ: ನಮ್ಮ ಭಾವನ ಸುದ್ದಿ ನಿಮಗೆ ಬೇಡ.

ಬೆಳ್ತಂಗಡಿ ಮೊಬೈಲ್: ನಮ್ಮಲ್ಲಿ ಉಜಿರೆಯ ರುಡ್‌ಸೆಟ್, ಸ್ವ ಉದ್ಯೋಗ ತರಬೇತಿ ಸಂಸ್ಥೆ, 1982ರಿಂದ ಇದೇ ಕೆಲಸ ಮಾಡುತ್ತಿದೆ. ಊಟ, ವಸತಿ, ತರಬೇತಿ ಎಲ್ಲ ಉಚಿತ. ನಾನು ಅಲ್ಲಿ ಮೊಬೈಲ್ ರಿಪೇರಿ ಕಲಿತೆ. ಬೆಳಿಗ್ಗೆ ಎದ್ದು ಶ್ರಮದಾನ, ಆಮೇಲೆ ಕ್ಲಾಸು. ತೊಂದರೆ ಬಂದದ್ದು ಲೋನ್‌ಗೆ. ಬ್ಯಾಂಕಿನವರು ಜಾಮೀನು ತಾ ಅಂದರು, ಅಂಗಡಿ ಕರಾರು ಪತ್ರ ತಾ ಅಂದರು. ಅಂಗಡಿಯವರು 40,000 ಅಡ್ವಾನ್ಸ್ ಕೊಡದೆ ಕರಾರು ಇಲ್ಲ ಅಂದರು. ಅಡ್ವಾನ್ಸ್‌ಗೇ ಅಲ್ವಾ ಲೋನ್ ಬೇಕಿದ್ದದ್ದು! ಕೊನೆಗೆ ಅಮ್ಮನ ಸರ ಅಡವಿಟ್ಟೆ. ಮೈಕ್ರೋಸ್ಕೋಪ್, ಹಾಟ್ ಏರ್ ಗನ್, ಪವರ್ ಸಪ್ಲೈ ಸೇರಿ 19,400. ಸರ ಬಿಡಿಸಿಕೊಂಡಿದ್ದೇನೆ, ಹೆಮ್ಮೆಯಿಂದ ಹೇಳುತ್ತೇನೆ.

ಸೈಬರ್ ಪಕ್ಕದ ಮನೆ: ಅದು ಮುಖ್ಯವಾಗಿ ಹಳ್ಳಿಯ ಯುವಜನರಿಗೆ. ಕೇಳಿದವರು ಬೆಂಗಳೂರಿನವರು. ಓದಿ ಉತ್ತರ ಕೊಡಿ.

ನನ್ನ ಅನುಭವ ಕೇಳಿ. ಎನ್‌ಎಸ್‌ಎಸ್‌ನಲ್ಲಿದ್ದಾಗ ಮೈಸೂರಿನ ಒಂದು ಏರಿಯಾದಲ್ಲಿ ಹೆಸರು ಬರೆದುಕೊಂಡೆವು. ತರಬೇತಿ ಕೇಂದ್ರದ ಬಾಗಿಲವರೆಗೆ ಹೋಗೋದರೊಳಗೆ ಅರ್ಧ ಜನ ದಾಖಲೆಯಲ್ಲಿ ಬಿದ್ದರು. ಮಾರ್ಕ್ಸ್ ಕಾರ್ಡ್‌ನಲ್ಲಿ ಬರೀ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು. ಒಬ್ಬಳ ಹುಟ್ಟಿದ ತಾರೀಖು ಎಲ್ಲ ಕಡೆ ಜನವರಿ 1, ಮಾರ್ಕ್ಸ್ ಕಾರ್ಡ್‌ನಲ್ಲಿ ಮಾತ್ರ ಜೂನ್. ಆಧಾರ್ ತಿದ್ದುಪಡಿಗೆ ಆಗ ಫೀಸು 50. ಸೈಬರ್‌ನವನು ತಗೊಂಡದ್ದು 350, ‘ಸರ್ವರ್ ಡೌನ್’ ಅಂತ ಇನ್ನೊಂದು ದಿನ ಕರೆಸಿ 100. ನಾಡಕಚೇರಿಯಲ್ಲಿ ಜಾತಿ, ಆದಾಯ ಪತ್ರ. ಬ್ಯಾಂಕ್ ಅಕೌಂಟ್‌ಗೆ ಆಧಾರ್ ಲಿಂಕ್ ಇಲ್ಲ. ಲಿಂಕ್ ಮಾಡೋಣ ಅಂದರೆ ಓಟಿಪಿ ಹೋಗೋದು ಅಣ್ಣ ಮಾರಿದ ಹಳೇ ಸಿಮ್‌ಗೆ. ನಿಮ್ಮ ಶನಿವಾರಗಳು ಹೋಗೋದು ಇದಕ್ಕೇ. ಶನಿವಾರ ಎರಡನೇದೋ ನಾಲ್ಕನೇದೋ ಆದರೆ ಬ್ಯಾಂಕೂ ಮುಚ್ಚಿರುತ್ತೆ.

ಸುಮ್ನೆ ಓದುವವನು: ಸರ್ಕಾರದ ನಿರುದ್ಯೋಗ ಭತ್ಯೆ ಯುವನಿಧಿ ಹಾಕಿಸಿ, ಮೊದಲ ತಿಂಗಳ ಖರ್ಚು ಅದರಲ್ಲೇ ಹೋಗುತ್ತೆ.

ಸೈಬರ್ ಪಕ್ಕದ ಮನೆ: ಯುವನಿಧಿ ಡಿಗ್ರಿಯವರಿಗೆ 3,000, ಡಿಪ್ಲೊಮಾದವರಿಗೆ 1,500. ಪಿಯುಸಿಗೆ ನಿಂತವರಿಗೆ ಸೊನ್ನೆ. ಕೆಲಸ ಸಿಕ್ಕಿದರೆ ಡಿಗ್ರಿಯವರಿಗೂ ನಿಲ್ಲುತ್ತೆ. ನಾನು ಮೇಲೆ ಏನಂದೆ? ಓದಿ ಉತ್ತರ ಕೊಡಿ.

ಕಾಲೊನಿ ಹುಡುಗಿ: ಇಷ್ಟೊತ್ತು ನಮ್ಮ ಬಗ್ಗೆ ಮಾತಾಡ್ತಿದ್ದೀರಲ್ಲ, ನಾನು ಅಂಥ ಏರಿಯಾದವಳೇ. ನಮ್ಮ ಬೀದಿಗೂ ಸ್ಟೂಡೆಂಟ್ಸ್ ಬಂದಿದ್ದರು. ಎನ್‌ಎಸ್‌ಎಸ್‌ಗೆ ಎರಡು ವರ್ಷದಲ್ಲಿ 240 ಗಂಟೆ ತುಂಬಿಸಬೇಕಂತೆ, ನಮ್ಮ ಮನೆ ಮುಂದೆ ನಿಂತು ತುಂಬಿಸಿದರು. ರಿಟೇಲ್ ಟ್ರೇನಿಂಗ್‌ಗೆ ನನ್ನನ್ನು ಸೇರಿಸಿದರು. ಕ್ಲಾಸ್ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಬಿಲ್ಲಿಂಗ್ ಮೆಷಿನ್ ಅಲ್ಲೇ ಕಲಿತೆ. ಮುಗಿದ ಮೇಲೆ ಕೆಲಸ ಕೊಟ್ಟದ್ದು ಹೊಸೂರು ಕಡೆ, ರಾತ್ರಿ ಹತ್ತಕ್ಕೆ ಶಿಫ್ಟ್ ಬಿಡೋದು. ಅಮ್ಮ ಬೇಡ ಅಂದರು. ‘ಆಫರ್ ಲೆಟರ್ ಬಂದಿದೆ ಅಲ್ವಾ’ ಅಂತ ಒಂದು ಸೈನ್ ಹಾಕಿಸಿಕೊಂಡು ಹೋದರು. ಆಮೇಲೆ ಫೋನ್ ಎತ್ತಲಿಲ್ಲ, ಅವರಿಗೆ ಎಕ್ಸಾಮ್ ಅಂತೆ. ನಮ್ಮ ಬೀದಿ ಆಂಟಿ ಒಬ್ಬರು ಆಸ್ಪತ್ರೆಯಲ್ಲಿ ಹೌಸ್‌ಕೀಪಿಂಗ್. ಅವರೇ ಹೇಳಿ ಅಲ್ಲಿ ಬಿಲ್ಲಿಂಗ್ ಕೌಂಟರ್‌ಗೆ ಸೇರಿಸಿದರು. ಈಗ 16,200. ಬಸ್ಸು ಫ್ರೀ ಇರೋದರಿಂದ ತಿಂಗಳಿಗೆ ಸಾವಿರಕ್ಕೂ ಜಾಸ್ತಿ ಉಳಿಯುತ್ತೆ.

ಪೀಣ್ಯದವನು: ತಂಗಿ, ಎಲ್ಲ ಸ್ಟೂಡೆಂಟ್ಸೂ ಹಾಗಲ್ಲ.

ಕಾಲೊನಿ ಹುಡುಗಿ: ನಾನು ನಿಮ್ಮ ತಂಗಿ ಅಲ್ಲ. ‘ನಿಮ್ಮ ಹುಡುಗ ಸೋಮಾರಿ’ ಅಂತ ಸೂಪರ್‌ವೈಸರ್ ಅಂದನಲ್ಲ, ಆ ಹುಡುಗ ಗಾರೆಗೆ ವಾಪಸ್ ಹೋದದ್ದು ಸರಿಯಾಗೇ ಇದೆ. 700 ಬಿಟ್ಟು ಯಾಕೆ ಬರಬೇಕು?

ಬ್ಯಾಗ್ ಅಣ್ಣ: ಸರಿಯಾಗಿ ಹೇಳಿದ್ರಿ ಅಕ್ಕ. ನಾನು ಪಿಯುಸಿ ಫೇಲ್, ಡೆಲಿವರಿ ಮಾಡುತ್ತೇನೆ. ದಿನಕ್ಕೆ 1,100 ಬರುತ್ತೆ. ಆ ಫಿಟ್ಟರ್ ಅಣ್ಣನ ಸ್ಟೈಪೆಂಡ್ ನನಗೆ ಹೆಚ್ಚುಕಡಿಮೆ ವಾರದ ಕಲೆಕ್ಷನ್.

ಫಿಟ್ಟರ್ ಧಾರವಾಡ: ಪೆಟ್ರೋಲ್ ಕಳೆದು ಹೇಳು ತಮ್ಮ.

ಬ್ಯಾಗ್ ಅಣ್ಣ: ಪೆಟ್ರೋಲ್ 280, ಗಾಡಿ ಇಎಂಐ ತಿಂಗಳಿಗೆ 3,650, ಚೈನ್ ಸ್ಪ್ರಾಕೆಟ್ ಹೋದ ತಿಂಗಳು 1,450. ಕಳೆದರೂ ನಿಮಗಿಂತ ಜಾಸ್ತಿ.

ಫಿಟ್ಟರ್ ಧಾರವಾಡ: ನನ್ನ ಈಗಿನ ಸಂಬಳ ನಿನಗೆ ಹೇಳಿದೆನಾ? ಮಳೆಯಲ್ಲಿ ಬಿದ್ದರೆ ಯಾರು ನೋಡ್ತಾರೆ? ನಾನು ಅಪ್ರೆಂಟಿಸ್ ಮುಗಿಸಿ ಸೇರಿದ ದಿನದಿಂದ ಸಂಬಳದಲ್ಲಿ 0.75 ಪರ್ಸೆಂಟ್ ಇಎಸ್‌ಐಗೆ ಹೋಗುತ್ತಿತ್ತು. ನಮ್ಮಪ್ಪನ ಹರ್ನಿಯಾ ಆಪರೇಷನ್ ಅದರಲ್ಲೇ ಆಯಿತು.

ಬ್ಯಾಗ್ ಅಣ್ಣ: ಬಿದ್ದಿದ್ದೇನೆ. ಮೊಣಕಾಲಿಗೆ 6,200 ಕೈಯಿಂದ ಹೋಯಿತು. ಮತ್ತೆ ಗಾಡಿ ಹತ್ತಿದೆ. ಯಾವ ಸೂಪರ್‌ವೈಸರ್ ಬೈಗುಳವೂ ಇಲ್ಲ.

ಬಿಕಾಂ ಎರಡನೇ ವರ್ಷ, ಬೆಂಗಳೂರು: ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ಮೊದಲ ಶನಿವಾರ ದಾಖಲೆ ನೋಡೋದಾ, ಕೈಗಡಕ್ಕೆ ದುಡ್ಡು ಎತ್ತಿಡೋದಾ?

ಕಾಲೊನಿ ಹುಡುಗಿ: ಅಲ್ಲಿ ಈಗಾಗಲೇ ಕೆಲಸಕ್ಕೆ ಹೋಗುವವರು ಯಾರು ಯಾರಿದ್ದಾರೆ, ಅವರನ್ನು ಮಾತಾಡಿಸಿ. ಮಧ್ಯಾಹ್ನ ಸಿಗಲ್ಲ, ಎಂಟು ಗಂಟೆ ಮೇಲೆ ಬನ್ನಿ.

ಫಿಟ್ಟರ್ ಧಾರವಾಡ: ಐಟಿಐ ಅರ್ಜಿ ಮೇ, ಜೂನ್‌ನಲ್ಲಿ ಕರೀತಾರೆ, ಅದನ್ನು ಬರೆದಿಟ್ಟುಕೊಳ್ಳಿ. ಬ್ಯಾಗ್ ತಮ್ಮ, ಆ 6,200ಕ್ಕೆ ಬಿಲ್ ಇದೆಯಾ, ಅಥವಾ ಅದೂ ಕಲೆಕ್ಷನ್ ಲೆಕ್ಕವಾ?

ಬ್ಯಾಗ್ ಅಣ್ಣ: ಬಿಲ್ ಕಳಿಸ್ತೀನಿ, ನಿಮ್ಮ ಸ್ಯಾಲರಿ ಸ್ಲಿಪ್ ಹಾಕಿ ಮೊದಲು.