ಉಟ್ಟು ಬಿಟ್ಟ ಉಡುಪಿಗೆ ಯಾವ ಪದ? ‘ಹಳೆ ಬಟ್ಟೆ’, ‘ಗುಜರಿ’, ‘ಹಳತು’ಗಳ ಬಗ್ಗೆ ಒಂದು ವಿಚಾರಣೆ

ಮಾನ್ಯರೇ,

ಪುತ್ತೂರಿನಲ್ಲಿ ಮನೆಯ ಮುಂದಿನ ಕೋಣೆಯಲ್ಲಿಯೇ ಹೊಲಿಗೆ ಯಂತ್ರವನ್ನು ಇಟ್ಟುಕೊಂಡು, ಬೇರೆಯವರು ಉಟ್ಟು ತೊಟ್ಟು ಬಿಟ್ಟ ಹಿಂದಿನ ಕಾಲದ ಸೀರೆ, ರವಿಕೆ, ಕೋಟುಗಳನ್ನು ಹುಡುಕಿ ತಂದು, ಬೇಕಾದಲ್ಲಿ ಬಿಚ್ಚಿ, ಈಗಿನವರ ಮೈಗೆ ಒಪ್ಪುವಂತೆ ಮತ್ತೆ ಹೊಲಿದು ಕೊಡುವುದು ನನ್ನ ಕೆಲಸ. ಕಳೆದ ಬೇಸಗೆಯಲ್ಲಿ ಬಾಗಿಲ ಬಳಿ ‘ಹಳೆ ಬಟ್ಟೆ ಕೊಳ್ಳಲಾಗುವುದು’ ಎಂದು ಹಲಗೆ ಬರೆಸಿ ತೂಗುಹಾಕಿದೆ. ಮೂರನೆಯ ದಿನ ಹೆಂಗಸೊಬ್ಬರು ಬಂದು ಒಂದು ಗೋಣಿಯನ್ನು ಜಗಲಿಯ ಮೇಲೆ ಇಳಿಸಿ, “ಅಕ್ಕ, ಇಷ್ಟಕ್ಕೆ ಯಾವ ಪಾತ್ರೆ ಕೊಡ್ತೀರಿ?” ಎಂದು ಕೇಳಿದರು. ಗೋಣಿಯಲ್ಲಿದ್ದದ್ದು ನೆಲ ಒರೆಸಲೂ ಬಾರದ ಚಿಂದಿ. ತಪ್ಪು ಅವರದಲ್ಲ. ಹಳೆ ಬಟ್ಟೆಗೆ ಸ್ಟೀಲು ಪಾತ್ರೆ ಕೊಡುತ್ತ ಬೀದಿ ಬೀದಿ ತಿರುಗುವವರ ಕೂಗು ನಮ್ಮ ಕಿವಿಯಲ್ಲಿ ಎಷ್ಟು ಗಟ್ಟಿಯಾಗಿ ಕುಳಿತಿದೆಯೆಂದರೆ, ‘ಹಳೆ’ ಮತ್ತು ‘ಬಟ್ಟೆ’ ಜೊತೆಯಾದೊಡನೆ ಪಾತ್ರೆ ತಾನಾಗಿಯೇ ಹಿಂದಿನಿಂದ ಬರುತ್ತದೆ.

ಆದ್ದರಿಂದ ನನ್ನ ಪ್ರಶ್ನೆ ಇಷ್ಟು: ಇನ್ನೊಬ್ಬರು ಧರಿಸಿ ಬಿಟ್ಟ, ಆದರೆ ಇನ್ನೂ ಧರಿಸಲು ಯೋಗ್ಯವಾದ, ತನ್ನ ಕಾಲದ ಕತ್ತರಿಕೆ ಮತ್ತು ಕಸುಬಿನಿಂದಾಗಿಯೇ ಬೆಲೆ ಪಡೆದ ಉಡುಪನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು? ‘ಸೆಕೆಂಡ್ ಹ್ಯಾಂಡ್’ ಎಂದರೆ ಎಲ್ಲರಿಗೂ ತಿಳಿಯುತ್ತದೆ, ಆದರೆ ಅದು ಸ್ಕೂಟರಿಗೂ ಸಲ್ಲುತ್ತದೆ, ಫ್ರಿಜ್ಜಿಗೂ ಸಲ್ಲುತ್ತದೆ. ಮೈಗೆ ತಾಗಿದ ವಸ್ತುವಿನ ವಿಷಯದಲ್ಲಿ ಕನ್ನಡ ಅಷ್ಟು ಒರಟಾದ ಭಾಷೆಯಲ್ಲ.

ನಮ್ಮ ಕ್ರಿಯಾಪದಗಳನ್ನೇ ನೋಡಿ. ಸೀರೆ, ಪಂಚೆ, ಮುಂಡುಗಳನ್ನು ಉಡುತ್ತೇವೆ. ಅಂಗಿ, ರವಿಕೆ, ಬಳೆಗಳನ್ನು ತೊಡುತ್ತೇವೆ. ಶಾಲನ್ನು ಹೊದೆಯುತ್ತೇವೆ, ರುಮಾಲನ್ನು ಸುತ್ತುತ್ತೇವೆ, ಹೂವನ್ನು ಮುಡಿಯುತ್ತೇವೆ, ಚಪ್ಪಲಿಯನ್ನು ಮೆಟ್ಟುತ್ತೇವೆ. ಈಗಿನ ಮಾತಿನಲ್ಲಿ ಇವೆಲ್ಲವನ್ನೂ ‘ಹಾಕು’ ಎಂಬ ಒಂದೇ ಪದ ನುಂಗಿಹಾಕುತ್ತಿದೆ ಎಂಬುದು ಬೇರೆ ಮಾತು. ಹೊಲಿಯುವವಳಾದ ನನಗೆ ಉಡುವ ಮತ್ತು ತೊಡುವ ಭೇದ ನಿತ್ಯದ ಕೆಲಸದಲ್ಲಿ ಬೇಕಾಗುತ್ತದೆ, ಏಕೆಂದರೆ ಉಟ್ಟದ್ದನ್ನು ಯಾರು ಬೇಕಾದರೂ ಉಡಬಹುದು, ಆದರೆ ತೊಟ್ಟದ್ದು ಒಬ್ಬರ ಮೈಯ ಅಳತೆಯನ್ನು ಹೊತ್ತಿರುತ್ತದೆ. ಅಜ್ಜಿಯ ಸೀರೆ ಮೊಮ್ಮಗಳಿಗೆ ಹಾಗೆಯೇ ಒದಗುತ್ತದೆ. ಅದೇ ಅಜ್ಜಿಯ ಬುಗ್ಗೆ ಕೈಯ ರವಿಕೆಯನ್ನು ಕಂಕುಳಲ್ಲಿ ಬಿಚ್ಚಿ, ಒಳಗೆ ಬಿಟ್ಟ ಬಟ್ಟೆಯನ್ನು ಹೊರಗೆ ತಂದ ಮೇಲೆಯೇ ಅದು ಮೊಮ್ಮಗಳ ತೋಳಿಗೆ ಏರುತ್ತದೆ.

‘ಉಟ್ಟ ಬಟ್ಟೆ’ ಎಂದೇ ಬರೆಸೋಣವೆಂದರೆ ಅದಕ್ಕೆ ಆಗಲೇ ಬೇರೆ ಅರ್ಥ ಅಂಟಿಕೊಂಡಿದೆ. ನೆರೆ ಬಂದಾಗ ಜನ ಉಟ್ಟ ಬಟ್ಟೆಯಲ್ಲಿ ಮನೆ ಬಿಡುತ್ತಾರೆ. ಅಂದರೆ ಆ ಕ್ಷಣ ಮೈಮೇಲೆ ಇರುವುದು, ಕೈಯಲ್ಲಿ ಬೇರೇನೂ ಇಲ್ಲದಿರುವುದು. ‘ಬಿಟ್ಟ ಬಟ್ಟೆ’ ಎಂದರೆ ಒಗೆಯಲು ತೆಗೆದಿಟ್ಟದ್ದು. ಎರಡನ್ನೂ ಕೂಡಿಸಿ ‘ಉಟ್ಟು ಬಿಟ್ಟದ್ದು’ ಎಂದರೆ ಅರ್ಥ ಸರಿಯಾಗುತ್ತದೆ, ಆದರೆ ಆ ಮಾತಿನಲ್ಲಿ ಒಂದು ಬಗೆಯ ತಾತ್ಸಾರವಿದೆ. ಕೊಡುವವರ ಹಿರಿತನವೂ ಪಡೆಯುವವರ ಸಣ್ಣತನವೂ ಅದರಲ್ಲಿ ಕೇಳಿಸುತ್ತವೆ. ಮಡಿ ಮೈಲಿಗೆಯ ನೆನಪು ಇನ್ನೂ ಪೂರ್ತಿ ಅಳಿಯದ ಊರಿನಲ್ಲಿ ಅದನ್ನು ಹಲಗೆಯ ಮೇಲೆ ಬರೆಸಲು ನನಗೆ ಧೈರ್ಯ ಬರಲಿಲ್ಲ.

ಬಟ್ಟೆಗೆ ಇರುವ ಇತರ ಹೆಸರುಗಳೂ ಊರಿನಿಂದ ಊರಿಗೆ ಮಾನ ಅಪಮಾನಗಳನ್ನು ಅದಲುಬದಲು ಮಾಡಿಕೊಂಡಿವೆ. ನಮ್ಮಲ್ಲಿ ‘ಹಳೆ ವಸ್ತ್ರ’ ಎಂದರೆ ಒರೆಸುವ ತುಂಡು. ಘನವಾದ ಸಂಸ್ಕೃತ ಪದ ಅಡುಗೆಮನೆಯ ಕಟ್ಟೆಯ ಮೇಲೆ ಮಸಿ ಹಿಡಿದು ಕುಳಿತಿದೆ. ‘ಅರಿವೆ’ಯ ಗತಿಯೂ ಹೀಗೆಯೇ: ಉತ್ತರ ಕರ್ನಾಟಕದಲ್ಲಿ ಅರಿವಿ ಎಂದರೆ ದಿನನಿತ್ಯದ ಬಟ್ಟೆಬರೆ, ಬೇರೆ ಕಡೆಗಳಲ್ಲಿ ಅದೂ ಒರೆಸುವ ಚೂರಿನ ಮಟ್ಟಕ್ಕೆ ಇಳಿದದ್ದನ್ನು ಕೇಳಿದ್ದೇನೆ.

ಇನ್ನು ‘ಹಳೆ’ ಎಂಬ ವಿಶೇಷಣ. ಅದರ ಮೇಲೆಯೇ ತಪ್ಪು ಹೊರಿಸುವುದು ನ್ಯಾಯವಲ್ಲ. ಹಳೆ ಅಕ್ಕಿಗೆ ಹೊಸ ಅಕ್ಕಿಗಿಂತ ಹೆಚ್ಚು ಬೆಲೆ, ಅನ್ನ ಉದುರುದುರಾಗುತ್ತದೆ ಎಂಬ ಹೊಗಳಿಕೆ ಬೇರೆ. ಹಳೆ ಹುಣಸೆ ಮದ್ದಿಗೂ ಬೇಕು. ಇಂಗ್ಲಿಷಿನವರ ‘ವಿಂಟೇಜ್’ ಕೂಡ ಹೊಲದಿಂದ ಬಂದ ಪದವೇ: ದ್ರಾಕ್ಷಿಯ ಕೊಯ್ಲು ಎಂಬ ಅರ್ಥದ ಲ್ಯಾಟಿನ್ ಪದ ಫ್ರೆಂಚಿನ ಮೂಲಕ ಹಾದುಬಂದು, ಮೊದಲು ಒಂದು ನಿರ್ದಿಷ್ಟ ವರ್ಷದ ದ್ರಾಕ್ಷಾರಸಕ್ಕೆ, ಆಮೇಲೆ ಮೋಟಾರುಗಳಿಗೆ, ಕಡೆಗೆ ಉಡುಪುಗಳಿಗೆ ಅಂಟಿತು. ಆ ವ್ಯಾಪಾರದವರು ಸುಮಾರು 20 ವರ್ಷ ದಾಟಿದ ಉಡುಪಿಗೆ ವಿಂಟೇಜ್ ಎಂದೂ 100 ವರ್ಷ ದಾಟಿದರೆ ಆಂಟಿಕ್ ಎಂದೂ ಹೇಳುವುದು ರೂಢಿ.

ಹಾಗೆ ನೋಡಿದರೆ ಇದಕ್ಕೆ ಸಮನಾದ ಪದ ನನ್ನ ಮನೆಯ ಅಂಗಳದಲ್ಲಿಯೇ ಇತ್ತು. ನಮ್ಮ ಕಡೆಯ ಅಡಿಕೆ ಮಾರುಕಟ್ಟೆಯಲ್ಲಿ ಹೊಸ ಅಡಿಕೆಗೆ ಒಂದು ಧಾರಣೆ, ಮಳೆಗಾಲ ದಾಟಿಸಿ ಜೋಪಾನವಾಗಿ ಇಟ್ಟ ಹಳೆಯದಕ್ಕೆ ಇನ್ನೊಂದು. ಹಳೆಯದರಲ್ಲಿಯೂ ‘ಸಿಂಗಲ್ ಚೋಲ್’, ‘ಡಬಲ್ ಚೋಲ್’ ಎಂಬ ಭೇದಗಳಿವೆ. ಇನ್ನೂ ಹೆಚ್ಚು ಕಾಲ ಕಾಯ್ದಿಟ್ಟ ಡಬಲ್ ಚೋಲಿಗೆ ತನ್ನದೇ ಧಾರಣೆ. ಕೊಯ್ಲಿನ ವರ್ಷವನ್ನು ಹಿಡಿದು, ಕಾಪಾಡಿದ ಕಾಲವನ್ನು ಗುಣವಾಗಿ ಎಣಿಸಿ, ಅದಕ್ಕೆ ತಕ್ಕ ಬೆಲೆ ಕಟ್ಟುವುದು ವಿಂಟೇಜ್ ಅಲ್ಲದೆ ಮತ್ತೇನು? ಒಮ್ಮೆ ತೋಟದ ಮನೆಯ ಹಿರಿಯರೊಬ್ಬರಿಗೆ ನನ್ನ ವ್ಯಾಪಾರವನ್ನು ವಿವರಿಸಲು ತಿಣುಕಾಡಿ, ಕೊನೆಗೆ “ಇದು ಡಬಲ್ ಚೋಲ್ ರವಿಕೆ, ಅಮ್ಮ” ಎಂದುಬಿಟ್ಟೆ. ಅವರು ನಕ್ಕರು, ಆದರೆ ಅರ್ಥ ಮಾಡಿಕೊಂಡರು. ಒಳಗೆ ಹೋಗಿ ಟ್ರಂಕಿನಿಂದ ಎರಡು ರವಿಕೆಗಳನ್ನು ತಂದು ತೋರಿಸಿದರು. ‘ಚೋಲ್’ ಎಂಬುದರ ಮೂಲ ಬಲ್ಲವರು ದಯವಿಟ್ಟು ತಿಳಿಸಬೇಕು. ಇದು ನನ್ನ ಉಪಪ್ರಶ್ನೆ.

ಅಕ್ಕಿ ಅಡಿಕೆಗಳಲ್ಲಿ ಹಳತನ್ನು ಗೌರವಿಸುವ ನಮ್ಮ ಮಾತು ಬಟ್ಟೆಯ ಹತ್ತಿರ ಬಂದೊಡನೆ ಜಿಪುಣವಾಗುತ್ತದೆ. ಹರಕು, ಚಿಂದಿ, ಮಾಸಲು, ಸವೆದದ್ದು, ಜೀರ್ಣವಾದದ್ದು, ಪಿಸಿದದ್ದು, ನಮ್ಮ ಕಡೆ ‘ಲಡ್ಡಾದದ್ದು’: ನಾಶದ ಒಂದೊಂದು ಹಂತಕ್ಕೂ ಪದವಿದೆ. ಚೆನ್ನಾಗಿ ಹಳತಾದ ಬಟ್ಟೆಗೆ ಮಾತ್ರ ಇಲ್ಲ. ಒಂದು ಅಪವಾದ ಹೊಳೆಯುತ್ತದೆ. ಹುಟ್ಟಿದ ಮಗುವನ್ನು ಸುತ್ತಲು ಹೊಸ ಬಟ್ಟೆ ಸಲ್ಲದು, ಎಷ್ಟೋ ಸಲ ಒಗೆದು ಮೆತ್ತಗಾದ ಹಳೆ ಸೀರೆಯೇ ಆಗಬೇಕು ಎನ್ನುವಾಗ ‘ಹಳೆ’ಗೆ ಬರುವ ಪ್ರೀತಿ ನಿಜವಾದದ್ದು. ಆ ಮೆತ್ತನೆಯ ಬಟ್ಟೆಗೆ ಬಾಣಂತಿಯ ಕೋಣೆಯಲ್ಲಿ ಬೇರೆ ಹೆಸರು ಇರುವ ಊರು ಇದ್ದರೆ ಅದನ್ನು ತಿಳಿಯುವ ಆಸೆ ನನಗಿದೆ. ಅಕ್ಕನಿಗೆ ಚಿಕ್ಕದಾದ ಲಂಗ ತಂಗಿಗೆ ಇಳಿದು ಬಂದಾಗ ಅದನ್ನು ಏನೆಂದು ಕರೆಯುತ್ತಿದ್ದರು ಎಂಬುದನ್ನೂ ಕೇಳಬೇಕಾಗಿದೆ. ಮನೆಮನೆಯಲ್ಲಿ ನಡೆದ ಈ ಕೆಲಸಕ್ಕೆ ನಮ್ಮ ಮನೆಯಲ್ಲಿ ಹೆಸರೇ ಇರಲಿಲ್ಲ.

‘ಗುಜರಿ’ಯನ್ನು ಏಕೆ ಬಳಸಬಾರದು ಎಂದು ಗೆಳತಿಯೊಬ್ಬಳು ಕೇಳಿದಳು. ಇಂದು ಗುಜರಿ ಅಂಗಡಿ ಎಂದರೆ ಕಬ್ಬಿಣ, ಬಾಟಲಿ, ರದ್ದಿ ಕಾಗದ. ತಕ್ಕಡಿಗೆ ಹಾಕಿ ಕೊಳ್ಳುವುದೆಲ್ಲ ಗುಜರಿ. ಆದರೆ ಪದದ ಹಿನ್ನೆಲೆ ಅಷ್ಟು ತುಕ್ಕು ಹಿಡಿದದ್ದಲ್ಲ. ಹಿಂದೂಸ್ತಾನಿಯಲ್ಲಿ ‘ಗುಜ್ರಿ’ ಎಂದರೆ ಇಳಿಹೊತ್ತಿನಲ್ಲಿ ದಾರಿಬದಿಯಲ್ಲಿ ಕೂಡುವ ಸಂತೆ. ಹಾದುಹೋಗುವುದು ಎಂಬ ಅರ್ಥದ ಪಾರಸಿಯ ‘ಗುಜರ್’ ಅದರ ಬೇರು. ಅಹಮದಾಬಾದಿನಲ್ಲಿ ಸಾಬರಮತಿಯ ದಂಡೆಯ ಮೇಲೆ ಭಾನುವಾರ ನೆರೆಯುವ ಹಳೆ ಸಾಮಾನಿನ ಸಂತೆಗೆ ಇಂದಿಗೂ ಗುಜರಿ ಎಂದೇ ಹೆಸರು. ಇನ್ನೊಂದು ಕಡೆ, ಚಿಂದಿ ಜೋಡಿಸಿ ಹೊಲಿದ ಹೊದಿಕೆಗೆ ಹಿಂದಿಯಲ್ಲಿ ‘ಗುದಡಿ’ ಎನ್ನುತ್ತಾರೆ, ಹಳೆಯ ಸಾಮಾನು ಮಾರುವ ಪೇಟೆಗೆ ‘ಗುದಡಿ ಬಜಾರ್’ ಎನ್ನುತ್ತಾರೆ. ಕನ್ನಡದ ಗುಜರಿಯಲ್ಲಿ ದಾರಿಬದಿಯ ಸಂತೆ, ಚಿಂದಿಯ ಹೊದಿಕೆ ಎರಡೂ ಬೆರೆತಿವೆಯೇ ಎಂಬುದು ನನ್ನ ಕುತೂಹಲ. ‘ಗುಜರಾತಿನಿಂದ ಬಂದವರ ವ್ಯಾಪಾರ, ಆದ್ದರಿಂದ ಗುಜರಿ’ ಎಂಬ ಸುಲಭದ ವಿವರಣೆಯನ್ನು ನಾನು ನಂಬುವುದಿಲ್ಲ. ಹಲಗೆಯ ಮಟ್ಟಿಗೆ ಹೇಳುವುದಾದರೆ, ಗುಜರಿ ಎಂದು ಬರೆಸಿದರೆ ಈ ಸಲ ಗೋಣಿಯಲ್ಲಿ ಮುರಿದ ಕೊಡೆ ಬರುವುದು ಖಂಡಿತ.

ಪದಗಳು ಹೀಗೆ ಕೆಳಗಿಳಿಯುವುದು ಕನ್ನಡಕ್ಕೆ ಮಾತ್ರ ಸೀಮಿತವಲ್ಲ. ಇಂಗ್ಲೆಂಡಿನ ಯಾರ್ಕ್‌ಶೈರಿನ ಬ್ಯಾಟ್ಲಿಯಲ್ಲಿ 1813ರ ಸುಮಾರಿಗೆ ಬೆಂಜಮಿನ್ ಲಾ ಎಂಬಾತ ಹಳೆಯ ಉಣ್ಣೆಬಟ್ಟೆಯನ್ನು ಎಳೆಎಳೆಯಾಗಿ ಬಿಡಿಸಿ, ಹೊಸ ಉಣ್ಣೆಯೊಂದಿಗೆ ಬೆರೆಸಿ ಮತ್ತೆ ನೂಲು ಮಾಡುವ ಕ್ರಮವನ್ನು ರೂಢಿಗೆ ತಂದ. ಆ ಬಟ್ಟೆಯ ಹೆಸರು ‘ಶಾಡಿ’. ಒಂದು ದೊಡ್ಡ ಉದ್ಯಮದ ಹೆಸರಾಗಿದ್ದ ಪದವೇ ಕೆಲವು ದಶಕಗಳಲ್ಲಿ ಕಳಪೆ ಎಂಬ ಬೈಗುಳವಾಯಿತು. ಹರಿಯಾಣದ ಪಾಣಿಪತ್ತಿನಲ್ಲಿ, ಪರದೇಶಗಳಿಂದ ಬಂದ ಉಣ್ಣೆಯ ಉಡುಪುಗಳನ್ನು ಅರೆದು ಕಂಬಳಿ ನೇಯುವ ಗಿರಣಿಗಳಲ್ಲಿ, ಅದು ಈಗಲೂ ಬೈಗುಳವಲ್ಲ, ಸರಕಿನ ಹೆಸರು.

ಹೊಸ ಪದ ಕಟ್ಟುವ ಪ್ರಯತ್ನವನ್ನೂ ಮಾಡಿದೆ. ‘ಹಳಗನ್ನಡ’ ಎಂದಾಗ ಯಾರ ಕಿವಿಗೂ ಹರಿದ ಕನ್ನಡ ಕೇಳಿಸುವುದಿಲ್ಲವಲ್ಲ, ಅದೇ ದಾರಿಯಲ್ಲಿ ಹಳ ಮತ್ತು ತೊಡುಗೆ ಸೇರಿಸಿ ‘ಹಳದೊಡುಗೆ’ ಎಂದೆ. ವ್ಯಾಕರಣದ ದೃಷ್ಟಿಯಿಂದ ಆದೇಶ ಸಂಧಿಗೆ ಕೊರತೆಯಿಲ್ಲ. ಹೊಲಿಗೆ ಕಲಿಯಲು ಬರುವ ಹುಡುಗಿ ಮಾತ್ರ “ಹಳದಿ ಉಡುಗೆ ಒಂದನ್ನೇ ಮಾರುವುದಾ ಅಕ್ಕ?” ಎಂದು ಕೇಳಿದಳು. ಹಳೆಯ ಪಕಾರವನ್ನು ಉಳಿಸಿಕೊಂಡು ‘ಪಳೆಯುಡುಗೆ’ ಎನ್ನೋಣವೆಂದರೆ ಅದು ಪಳೆಯುಳಿಕೆಯ ತಂಗಿಯಂತೆ, ನೆಲದಿಂದ ಅಗೆದು ತೆಗೆದ ಸೀರೆಯಂತೆ ಕೇಳುತ್ತದೆ. ಕಟ್ಟಿದ ಪದಗಳ ಮೇಲೆ ನನಗೆ ಭರವಸೆ ಕಡಿಮೆ. ಎಲ್ಲಿಯೋ ಯಾರ ಬಾಯಲ್ಲಿಯೋ ಇರುವ ಪದವೇ ಸಿಕ್ಕರೆ ಒಳ್ಳೆಯದು.

ಮಳೆಯ ಊರಿನಲ್ಲಿ ಈ ವ್ಯಾಪಾರ ಮಾಡುವವರಿಗೆ ಇನ್ನೂ ಒಂದು ಪದದ ಕೊರತೆಯಿದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಬಟ್ಟೆಯನ್ನು ಬಚ್ಚಲ ಒಲೆಯ ಬಿಸಿಗೆ ಹಿಡಿದು ಒಣಗಿಸುವ ಮನೆಗಳಿಂದ ಬಂದ ಸೀರೆಯನ್ನು ನಾನು ಮೊದಲು ಮೂಸಿ ನೋಡುತ್ತೇನೆ. ಮುಗ್ಗಲು ವಾಸನೆ ಮಾತ್ರ ಇದ್ದರೆ ಬಿಸಿಲು ಬಂದ ಮೇಲೆ ಹೋಗುತ್ತದೆ. ಮೇಲೆ ಬಿಳಿಯಾಗಿ ಎದ್ದ ಬೂಷ್ಟನ್ನು ಒಣಗಿಸಿ ಕೊಡವಿ, ಬ್ರಷ್ಷಿನಿಂದ ಉಜ್ಜಿ ತೆಗೆಯಬಹುದು. ಮೂರನೆಯದು, ನೂಲಿನೊಳಗೆ ಇಳಿದು ಸಾಸಿವೆ ಚೆಲ್ಲಿದಂತೆ ಉಳಿದುಬಿಡುವ ಕಪ್ಪು ಚುಕ್ಕೆ. ಹತ್ತಿಯಲ್ಲಿ ಅದನ್ನು ತೆಗೆಯಲು ಹೋದರೆ ಬಣ್ಣವೂ ಹೋಗುತ್ತದೆ. ಮೂರಕ್ಕೂ ನಾವು ‘ಬೂಷ್ಟು ಬಂದಿದೆ’ ಎಂದೇ ಹೇಳುತ್ತೇವೆ. ನಮ್ಮೂರಿನ ಕಿಲ್ಲೆ ಮೈದಾನದ ಸೋಮವಾರದ ಸಂತೆಯಲ್ಲಿ ಟಾರ್ಪಾಲಿನ ಕೆಳಗೆ ನಿಂತು ಚೌಕಾಶಿ ಮಾಡುವಾಗ ಆ ಭೇದದ ಮೇಲೆಯೇ ಬೆಲೆ ನಿಂತಿರುತ್ತದೆ. ಆ ಕಪ್ಪು ಚುಕ್ಕೆಗೆ ಮಲೆನಾಡಿನಲ್ಲಾಗಲಿ ಕೊಡಗಿನಲ್ಲಾಗಲಿ ಪ್ರತ್ಯೇಕ ಹೆಸರಿದೆಯೇ? ಹಾಗೆಯೇ, ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿಟ್ಟ ರೇಷ್ಮೆ ಮಡಿಕೆಯ ಗೆರೆಯುದ್ದಕ್ಕೂ ಬಿರಿಯುವುದಕ್ಕೆ ನೇಕಾರರ ಮನೆಯಲ್ಲಿ ಒಂದು ಪದ ಇದ್ದಿರಲೇಬೇಕು ಎಂಬುದು ನನ್ನ ಊಹೆ.

ರಿಪೇರಿಯ ಪದಗಳಲ್ಲಿಯೂ ಒಂದು ತಾರತಮ್ಯವಿದೆ. ‘ರಫೂ’ ಅರಬ್ಬಿ ಪಾರಸಿಗಳ ಕಡೆಯಿಂದ ಬಂದದ್ದು, ನೂಲಿಗೆ ನೂಲು ಹೆಣೆದು ಹರಿದದ್ದು ಕಾಣದಂತೆ ಮಾಡುವ ಜಾಣ್ಮೆ, ಅದಕ್ಕೆ ಗೌರವವಿದೆ. ನಮ್ಮದೇ ಆದ ‘ತೇಪೆ’ ಕಾಣುತ್ತದೆ, ಆದ್ದರಿಂದ ರಾಜಕೀಯದ ವರದಿಗಳಲ್ಲಿ ಬೈಸಿಕೊಳ್ಳುತ್ತದೆ. ಆದರೆ ತೇಪೆಯನ್ನೇ ಅಂದವೆಂದು ಎತ್ತಿ ಹಿಡಿದ ಜಾಗವೂ ನಮ್ಮಲ್ಲಿದೆ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಹಳೆ ಸೀರೆ ಅಂಗಿಗಳ ತುಂಡುಗಳಿಂದ ಕೌದಿಯನ್ನು ಅಂಚಿನಿಂದ ನಡುವಿಗೆ ಸುತ್ತುತ್ತ ಹೊಲಿದು, ನಾಲ್ಕು ಮೂಲೆಗೂ ಬಟ್ಟೆ ಮಡಿಚಿ ಮಾಡಿದ ‘ಫೂಲ’ಗಳನ್ನು, ಅಂದರೆ ಹೂಗಳನ್ನು, ಇಡುತ್ತಾರೆ, ಹೂವಿಲ್ಲದೆ ಕೌದಿ ಮುಗಿದಂತಲ್ಲ. ಅವರ ಮಾತಿನಲ್ಲಿ ಆ ತುಂಡುಗಳಿಗೆ ‘ಚಿಂದಿ’ ಎಂಬುದಕ್ಕಿಂತ ಒಳ್ಳೆಯ ಹೆಸರು ಇರಬಹುದು. ಹಳಿಯಾಳ, ಯಲ್ಲಾಪುರದ ಕಡೆಯವರು ಕೇಳಿ ಹೇಳಿದರೆ ಉಪಕಾರವಾಗುತ್ತದೆ.

ಸದ್ಯಕ್ಕೆ ‘ಹಳತು’ ಎಂಬ ಒಂಟಿ ನಾಮಪದ ನನಗೆ ಹತ್ತಿರವೆನಿಸಿದೆ. ಅದರಲ್ಲಿ ಬೈಗುಳವಿಲ್ಲ, ಪಾತ್ರೆಯೂ ಇಲ್ಲ. ‘ಹಳತು: ಉಡುವುದು, ತೊಡುವುದು’ ಎಂದು ಬರೆಸುವ ಯೋಚನೆಯಿದೆ. ಇದು ಕನ್ನಡದ ಕಿವಿಗೆ ಸಹಜವಾಗಿದೆಯೇ, ಇಲ್ಲವೇ ನಿಮ್ಮ ಊರಿನ ಮಾತಿನಲ್ಲಿ ಇದಕ್ಕಿಂತ ಸರಿಯಾದದ್ದು ಇದೆಯೇ ಎಂದು ಊರಿನ ಹೆಸರಿನೊಂದಿಗೆ ತಿಳಿಸಬೇಕಾಗಿ ವಿನಂತಿ. ಜೂನ್ ಹತ್ತಿರ ಬರುತ್ತಿದೆ. ಮಳೆ ಹಿಡಿದ ಮೇಲೆ ಹಲಗೆಗೆ ಬಳಿದ ಬಣ್ಣ ಒಣಗುವುದಿಲ್ಲ.